ರೈತ ಕುಟುಂಬದ ಅಂಗವಿಕಲರಿಗೆ ಕಸುಬು ಕಲಿಸುವ ಬಗೆ

(ಸಿರಿಗೆರೆಯಲ್ಲಿ ರೈತರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಬೀಜ, ಗೊಬ್ಬರ, ಕೀಟನಾಶಕಗಳ ವಿಷಯವನ್ನು ನಾವು ಈ ಬಗೆಯ ಸಭೆಗಳಲ್ಲಿ ಅನೇಕ ಸಲ ಚರ್ಚಿಸಿದ್ದೇವೆ. ಈ ದಿನ ನಾನು ಮಾತನಾಡಬೇಕೆಂದಿರುವುದು ನಿಮ್ಮ ಮನೆಗಳಲ್ಲಿಯೇ ಇದ್ದು, ದುಡಿಯಲು ಮನಸ್ಸಿದ್ದು, ದುಡಿಯುವ ಬಗೆಯನ್ನು ಯಾರೂ ಕಲಿಸದೆ ಉಳಿದಿರುವ ಜನರ ಬಗ್ಗೆ. ಕಾಲಿನ ಶಕ್ತಿ ಕುಂದಿದವರು, ಕಣ್ಣು ಕಾಣದವರು, ಕಿವಿ ಕೇಳದವರು, ಬುದ್ಧಿ ನಿಧಾನವಾಗಿ ಬೆಳೆದವರು, ಅಪಘಾತದಲ್ಲಿ ಕೈ ಕಳೆದುಕೊಂಡವರು ಇವರೆಲ್ಲರೂ ಈ ಗುಂಪಿಗೆ ಸೇರುತ್ತಾರೆ. ಹಿಂದಿನಿಂದ ನಾವು ಇವರನ್ನು ಅಂಗವಿಕಲರು ಎಂದು ಕರೆಯುತ್ತ ಬಂದಿದ್ದೇವೆ. ಈಗ ಸರ್ಕಾರದ ಕಾಗದಪತ್ರಗಳಲ್ಲಿ ವಿಕಲಚೇತನರು ಎಂಬ ಮಾತು ಬಳಕೆಯಲ್ಲಿದೆ. ಕರೆಯುವ ಹೆಸರು ಯಾವುದಾದರೂ ಇರಲಿ, ಆ ವ್ಯಕ್ತಿಯ ಕೈಗೆ ಒಂದು ಕಸುಬು, ಆ ಕಸುಬಿಗೆ ತಕ್ಕ ಕೂಲಿ, ಅವರ ಹೆಸರಿನಲ್ಲಿ ಒಂದು ಲೆಕ್ಕ, ಈ ಮೂರೂ ಸಿಕ್ಕವೇ ಎಂಬುದೇ ಮುಖ್ಯ ಪ್ರಶ್ನೆ.

2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದರು. ಕರ್ನಾಟಕದಲ್ಲಿ ಈ ಸಂಖ್ಯೆ 13.24 ಲಕ್ಷ. ದೇಶದ ಅಂಗವಿಕಲರಲ್ಲಿ ಶೇಕಡಾ 69 ಮಂದಿ ಹಳ್ಳಿಗಳಲ್ಲಿಯೇ ವಾಸವಾಗಿದ್ದರು. ಇವರಲ್ಲಿ ದುಡಿಯುವವರೆಂದು ಗಣತಿಯಲ್ಲಿ ಬರೆಸಿಕೊಂಡವರು ನೂರಕ್ಕೆ 36 ಮಂದಿ ಮಾತ್ರ. ಗಂಡಸರಲ್ಲಿ ನೂರಕ್ಕೆ 47 ಮಂದಿ ದುಡಿಯುತ್ತಿದ್ದರೆ ಹೆಂಗಸರಲ್ಲಿ 23 ಮಂದಿ. ಹೀಗೆ ದುಡಿಯುತ್ತಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸಾಗುವಳಿದಾರರು ಇಲ್ಲವೆ ಕೃಷಿ ಕೂಲಿಗಾರರು ಎಂಬುದನ್ನು ಗಮನಿಸಬೇಕು. ಅಂಗವಿಕಲರ ಉದ್ಯೋಗ ಎಂದೊಡನೆ ನಾವು ಪಟ್ಟಣದ ಕಚೇರಿಯನ್ನು, ಟೆಲಿಫೋನ್ ಮುಂದಿನ ಕುರ್ಚಿಯನ್ನು ನೆನೆಯುತ್ತೇವೆ. ಆದರೆ ಅವರಿಗೆ ಅತಿ ಹೆಚ್ಚು ಕೆಲಸ ಕೊಟ್ಟಿರುವುದು ಹೊಲ, ಕಣ ಮತ್ತು ಕೊಟ್ಟಿಗೆ. ಆದುದರಿಂದ ಇದು ಕೃಷಿ ವಿಸ್ತರಣೆಯ ವಿಷಯವೇ ಆಗಿದೆ.

ಊನ ಹೇಗೆ ಬರುತ್ತದೆ

ಈಗ ನಡುವಯಸ್ಸಿನಲ್ಲಿರುವ ಅನೇಕರ ಕಾಲನ್ನು ಕುಂದಿಸಿದ್ದು ಪೋಲಿಯೋ. ಲಸಿಕೆಯ ಫಲವಾಗಿ ದೇಶದಲ್ಲಿ ಕೊನೆಯ ಸಹಜ ಪೋಲಿಯೋ ಪ್ರಕರಣ 2011ರ ಜನವರಿಯಲ್ಲಿ ಕಂಡಿತು, 2014ರ ಮಾರ್ಚಿಯಲ್ಲಿ ದೇಶ ಪೋಲಿಯೋಮುಕ್ತವೆಂದು ಪ್ರಮಾಣಪತ್ರ ಪಡೆಯಿತು. ರೋಗ ಹೋಯಿತು, ಆದರೆ ಅದು ಮುಟ್ಟಿದ ಜನ ನಮ್ಮ ನಡುವೆ ಇದ್ದಾರೆ. ಇವರು ಇನ್ನೂ ಹತ್ತಾರು ವರ್ಷ ದುಡಿಯಬಲ್ಲವರು.

ನಮ್ಮ ಜಿಲ್ಲೆಯ ಅಂತರ್ಜಲದಲ್ಲಿ ಅನೇಕ ಕಡೆ ಫ್ಲೋರೈಡ್ ಅಂಶ ಹೆಚ್ಚು. ಇಂತಹ ನೀರನ್ನು ವರ್ಷಗಟ್ಟಲೆ ಕುಡಿದವರಲ್ಲಿ ಮೊದಲು ಹಲ್ಲು ಹಳದಿಗಟ್ಟಿ, ಆಮೇಲೆ ಕೀಲು ಮತ್ತು ಬೆನ್ನು ಬಿಗಿಯುತ್ತವೆ. ಕೊಳವೆಬಾವಿಯ ನೀರನ್ನು ಪರೀಕ್ಷೆ ಮಾಡಿಸದೆ ಕುಡಿಯಬಾರದು. ಇನ್ನು ಒಕ್ಕಣೆ ಯಂತ್ರ, ಮೇವು ಕತ್ತರಿಸುವ ಯಂತ್ರ, ಪಂಪಿನ ಬೆಲ್ಟು ಇವುಗಳಿಂದ ಕೈ ಬೆರಳು ಕಳೆದುಕೊಳ್ಳುವವರು ಪ್ರತಿ ಸುಗ್ಗಿಯಲ್ಲಿಯೂ ಇರುತ್ತಾರೆ. ಒಕ್ಕಣೆ ಯಂತ್ರದ ಅಪಾಯವನ್ನು ಕಂಡು ಸಂಸತ್ತು 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆಯನ್ನೇ ಮಾಡಿತು. ತೆನೆ ಊಡುವ ಬಾಯಿಗೆ ಮುಚ್ಚಿಗೆ ಇರಬೇಕು, ಬೆಲ್ಟಿಗೆ ಜಾಲರಿ ಇರಬೇಕು, ಸಡಿಲ ಪಂಚೆ, ಸೆರಗು, ಹೆಗಲ ವಸ್ತ್ರ ತೊಟ್ಟು ಯಂತ್ರದ ಬಳಿ ನಿಲ್ಲಬಾರದು. ನಿದ್ದೆಗೆಟ್ಟು ರಾತ್ರಿ ಒಕ್ಕುವುದನ್ನು ತಪ್ಪಿಸಬೇಕು.

ಆದರೂ ಊನ ಬಂದುಬಿಟ್ಟರೆ ಅಲ್ಲಿಗೆ ದುಡಿಮೆ ಮುಗಿಯಿತೆಂದು ತಿಳಿಯಬಾರದು. ಹೀಗೆ ತಿಳಿಯದೆ ಮುಂದಕ್ಕೆ ನಡೆದವರ ಉದಾಹರಣೆಗಳು ನಮ್ಮ ನಾಡಿನಲ್ಲಿಯೇ ಇವೆ.

ನಾಡಿನಲ್ಲಿ ನಡೆದ ಕೆಲಸ

ಮೊದಲು ನೆನೆಯಬೇಕಾದವರು ಪಂಚಾಕ್ಷರಿ ಗವಾಯಿಗಳು. 1892ರಲ್ಲಿ ಹುಟ್ಟಿ 1944ರವರೆಗೆ ಬಾಳಿದ ಇವರಿಗೆ ಕಣ್ಣು ಕಾಣುತ್ತಿರಲಿಲ್ಲ. ಹಾನಗಲ್ ಕುಮಾರಸ್ವಾಮಿಗಳ ಆಶ್ರಯದಲ್ಲಿ ಸಂಗೀತ ಕಲಿತು, ತಾವು ಕಲಿತುದನ್ನು ಅಂಧ ಮಕ್ಕಳಿಗೂ ಬಡ ಮಕ್ಕಳಿಗೂ ಧಾರೆಯೆರೆದರು. ಗದಗಿನ ವೀರೇಶ್ವರ ಪುಣ್ಯಾಶ್ರಮ ಅವರ ಹೆಸರಿನೊಡನೆಯೇ ಬೆಳೆಯಿತು. ಅವರ ನಂತರ ಆಶ್ರಮವನ್ನು ನಡೆಸಿದ ಪುಟ್ಟರಾಜ ಗವಾಯಿಗಳಿಗೂ ದೃಷ್ಟಿ ಇರಲಿಲ್ಲ. 1914ರಲ್ಲಿ ಹುಟ್ಟಿದ ಅವರು 2010ರಲ್ಲಿ ಲಿಂಗೈಕ್ಯರಾದರು. ಅದೇ ವರ್ಷ ಅವರಿಗೆ ಪದ್ಮಭೂಷಣ ಬಂದಿತ್ತು. ಆಶ್ರಮದಲ್ಲಿ ಮಕ್ಕಳಿಗೆ ಅನ್ನ ಸಿಕ್ಕಿತು, ಅದರ ಜೊತೆಗೆ ಹಾರ್ಮೋನಿಯಂ, ತಬಲಾ, ಪಿಟೀಲು, ಗಾಯನ ಸಿಕ್ಕವು. ಕಲಿತವರು ನಾಟಕ ಕಂಪನಿಗೆ, ಶಾಲೆಗೆ, ಕೀರ್ತನೆಗೆ ಹೋಗಿ ತಮ್ಮ ಸಂಸಾರವನ್ನು ತಾವೇ ನಡೆಸುವಂತಾದರು. ಅಂಗವಿಕಲರಿಗಾಗಿ ಕಾಯಿದೆಗಳು ಹುಟ್ಟುವುದಕ್ಕೆ ದಶಕಗಳ ಮುಂಚೆಯೇ ನಡೆದ ಕಸುಬಿನ ಶಿಕ್ಷಣ ಇದು.

ಬೆಂಗಳೂರಿನಲ್ಲಿ 1959ರಲ್ಲಿ ಅಂಗವಿಕಲರ ಸಂಸ್ಥೆಯೊಂದು ಹುಟ್ಟಿತು. ಎ.ಪಿ.ಡಿ. ಎಂದು ಹೆಸರಾದ ಈ ಸಂಸ್ಥೆಯನ್ನು ಕಟ್ಟಿದವರಲ್ಲಿ ಪ್ರಮುಖರಾದ ಎನ್.ಎಸ್. ಹೇಮಾ ಸ್ವತಃ ಪೋಲಿಯೋದಿಂದ ಗಾಲಿಕುರ್ಚಿ ಹಿಡಿದವರು. ಈ ಸಂಸ್ಥೆ ಯಂತ್ರದ ಕೆಲಸಗಳ ಜೊತೆಗೆ ತೋಟಗಾರಿಕೆಯನ್ನೂ ಅಂಗವಿಕಲರಿಗೆ ಕಲಿಸಿದೆ. ಸಸಿ ಎಬ್ಬಿಸುವುದು, ಕುಂಡ ತುಂಬುವುದು, ಗಿಡ ಕತ್ತರಿಸುವುದು, ತೋಟದ ನಿರ್ವಹಣೆ ಇವೆಲ್ಲವನ್ನೂ ಕಾಲಿಗೆ ಶಕ್ತಿ ಇಲ್ಲದವರೂ ಕಿವಿ ಕೇಳದವರೂ ಕಲಿತು ಸಂಬಳಕ್ಕೆ ದುಡಿಯಬಲ್ಲರೆಂದು ಅದು ತೋರಿಸಿಕೊಟ್ಟಿದೆ.

ಮೈಸೂರಿನಲ್ಲಿ ಸುತ್ತೂರು ಮಠದ ಜೆ.ಎಸ್.ಎಸ್. ವಿದ್ಯಾಪೀಠವು 1991ರಲ್ಲಿ ಅಂಗವಿಕಲರಿಗಾಗಿಯೇ ಪಾಲಿಟೆಕ್ನಿಕ್ ತೆರೆಯಿತು. ಹತ್ತನೆಯ ತರಗತಿ ಮುಗಿಸಿದ ಹುಡುಗ ಹುಡುಗಿಯರು ಅಲ್ಲಿ ಡಿಪ್ಲೊಮಾ ಓದಬಹುದು. ದೂರದ ಇನ್ನೊಂದು ಉದಾಹರಣೆಯನ್ನೂ ಹೇಳಬೇಕು. ಗುಜರಾತಿನ ಫಣಸಾ ಎಂಬ ಊರಿನಲ್ಲಿ ಅಂಧರ ರಾಷ್ಟ್ರೀಯ ಸಂಘವು ಟಾಟಾ ದತ್ತಿಯ ನೆರವಿನಿಂದ 1960ರಲ್ಲಿ ಅಂಧರ ಕೃಷಿ ತರಬೇತಿ ಕೇಂದ್ರವನ್ನು ಸ್ಥಾಪಿಸಿತು. ಹಳ್ಳಿಯಿಂದ ಬಂದ ಅಂಧ ಯುವಕರು ಅಲ್ಲಿ ಬೇಸಾಯ, ಹೈನುಗಾರಿಕೆ, ಕೋಳಿ ಸಾಕಣೆಯನ್ನು ಕಲಿತು ತಮ್ಮ ಹಳ್ಳಿಗೇ ಹಿಂದಿರುಗಿದರು. ಕಣ್ಣಿಲ್ಲದವನು ಬೇಸಾಯ ಮಾಡಬಲ್ಲನೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿ 60 ವರ್ಷಕ್ಕೂ ಮೇಲಾಯಿತು.

ಈ ನಾಲ್ಕೂ ಕಡೆ ಒಂದೇ ಕ್ರಮ ಕಾಣುತ್ತದೆ. ವ್ಯಕ್ತಿಯಲ್ಲಿ ಏನಿಲ್ಲ ಎಂಬುದನ್ನು ಒಮ್ಮೆ ತಿಳಿದುಕೊಂಡು, ಏನಿದೆ ಎಂಬುದರ ಮೇಲೆ ಕಸುಬನ್ನು ಕಟ್ಟಿದರು. ಇದನ್ನು ನಮ್ಮ ಕೊಟ್ಟಿಗೆಯಲ್ಲಿ ಹೇಗೆ ಮಾಡುವುದೆಂದು ನೋಡೋಣ.

ಕೆಲಸವನ್ನು ಬಿಡಿಸಿ ನೋಡಬೇಕು

ನಾವು ಸಾಮಾನ್ಯವಾಗಿ, 'ಅವನಿಂದ ಹೈನುಗಾರಿಕೆ ಆಗುವುದಿಲ್ಲ' ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಹೈನುಗಾರಿಕೆ ಒಂದು ಕೆಲಸವಲ್ಲ, ಅದು ಹತ್ತು ಕೆಲಸಗಳ ಗಂಟು. ಗಂಟನ್ನು ಬಿಚ್ಚಿ ಹೀಗೆ ಬರೆದುಕೊಳ್ಳಿ:

1. ಕೊಟ್ಟಿಗೆ ಗುಡಿಸಿ ಸಗಣಿ ಎತ್ತುವುದು
2. ಮೇವು ಕೊಯ್ದು ತರುವುದು
3. ಮೇವು ಕತ್ತರಿಸುವುದು
4. ಹಿಂಡಿಯನ್ನು ಅಳೆದು ನೆನೆಸಿ ಇಡುವುದು
5. ನೀರು ಕುಡಿಸುವುದು
6. ಕೆಚ್ಚಲು ತೊಳೆದು ಹಾಲು ಕರೆಯುವುದು
7. ಹಾಲನ್ನು ಸಂಘಕ್ಕೆ ಒಯ್ಯುವುದು
8. ಬೆದೆ ಗುರುತಿಸುವುದು
9. ಲಸಿಕೆ, ಗರ್ಭಧಾರಣೆ, ಕರುವಿನ ದಿನಾಂಕ ಬರೆದಿಡುವುದು
10. ಹಾಲಿನ ಹಣದ ಲೆಕ್ಕ ನೋಡುವುದು

ಎರಡೂ ಕಾಲಿನ ಶಕ್ತಿ ಕುಂದಿದ ಹುಡುಗನೊಬ್ಬ ಮನೆಯಲ್ಲಿದ್ದಾನೆ ಎನ್ನಿ. ಮೇವು ಕೊಯ್ದು ತರುವುದು ಅವನಿಗೆ ಕಷ್ಟ. ಸಗಣಿ ಎತ್ತುವುದೂ ಕಷ್ಟವಾಗಬಹುದು. ಗಟ್ಟಿಯಾದ ಚಿಕ್ಕ ಮಣೆ ಕೊಟ್ಟರೆ ಹಾಲು ಕರೆಯುವುದು, ಹಿಂಡಿ ಅಳೆಯುವುದು, ನಲ್ಲಿ ತಿರುಗಿಸಿ ತೊಟ್ಟಿಗೆ ನೀರು ಬಿಡುವುದು, ಬೆದೆ ನೋಡುವುದು, ದಾಖಲೆ, ಲೆಕ್ಕ ಇವೆಲ್ಲ ಅವನಿಗೆ ಒಗ್ಗುತ್ತವೆ. ಮೂರು ಗಾಲಿಯ ಸೈಕಲ್ ಇದ್ದರೆ ಸಂಘಕ್ಕೂ ಅವನೇ ಹೋಗಬಲ್ಲ. ಹತ್ತರಲ್ಲಿ ಏಳೆಂಟು ಕೆಲಸ ಅವನ ಕೈಯಲ್ಲಿ ನಡೆದರೆ ಆ ಹೈನುಗಾರಿಕೆ ಅವನದೇ. ಉಳಿದ ಎರಡು ಕೆಲಸಕ್ಕೆ ಮನೆಯವರು ನೆರವಾಗಬೇಕು. ಎಲ್ಲ ಅಂಗ ನೆಟ್ಟಗಿರುವ ರೈತನೂ ಉಳುಮೆಗೆ ಟ್ರ್ಯಾಕ್ಟರಿನವನನ್ನು, ಗರ್ಭಧಾರಣೆಗೆ ಪಶುವೈದ್ಯರನ್ನು ಕರೆಯುತ್ತಾನಲ್ಲವೇ?

ಇದರಲ್ಲಿ ಬೆದೆ ಗುರುತಿಸುವ ಕೆಲಸವನ್ನು ವಿಶೇಷವಾಗಿ ಹೇಳುತ್ತೇನೆ. ಹಸು ಸುಮಾರು 21 ದಿನಗಳಿಗೊಮ್ಮೆ ಬೆದೆಗೆ ಬರುತ್ತದೆ. ಕೂಗುವುದು, ಬೇರೆ ದನದ ಮೇಲೆ ಹತ್ತುವುದು, ಮೇವು ಬಿಡುವುದು, ಗಾಜಿನಂಥ ಲೋಳೆ ಸುರಿಯುವುದು ಇವು ಗುರುತುಗಳು. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಬೇಕು. ಹೊಲಕ್ಕೆ ಹೋಗಿಬರುವವರು ಈ ಗುರುತುಗಳನ್ನು ನೋಡದೆ ಬಿಡುತ್ತಾರೆ, ಒಂದು ಬೆದೆ ತಪ್ಪಿದರೆ 21 ದಿನದ ಹಾಲು ಹಿಂದಕ್ಕೆ ಹೋಯಿತು. ದಿನವಿಡೀ ಕೊಟ್ಟಿಗೆಯ ಬಳಿ ಇರುವವನು ಇದನ್ನು ನೋಡಿಕೊಂಡರೆ ಮನೆಗೆ ಲಾಭ. ಮನೆಯಲ್ಲೇ ಇರಬೇಕಾದುದು ಇಲ್ಲಿ ಅನುಕೂಲವಾಗಿಯೇ ಪರಿಣಮಿಸುತ್ತದೆ.

ಅಂಧ ಹೆಣ್ಣುಮಗಳಾದರೆ ಪಟ್ಟಿ ಬದಲಾಗುತ್ತದೆ. ಹಾಲು ಕರೆಯುವುದು ಕೈಯ ಸ್ಪರ್ಶದ ಕೆಲಸ. ಕೆಚ್ಚಲು ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂಬುದನ್ನು, ಅಂದರೆ ಕೆಚ್ಚಲು ಬಾವಿನ ಮೊದಲ ಗುರುತನ್ನು, ಕೈ ಮೊದಲು ಅರಿಯುತ್ತದೆ. ಹಸುವಿನ ಕೂಗನ್ನು ಅವಳು ಗುರುತಿಸುತ್ತಾಳೆ, ಲೋಳೆಯನ್ನು ಬೇರೆಯವರು ನೋಡಬೇಕು. ಮನೆಯಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ನೀರಿನ ತೊಟ್ಟಿಗೆ ಸೊಂಟದೆತ್ತರಕ್ಕೆ ಒಂದು ಹಗ್ಗ ಕಟ್ಟಿದರೆ ದಾರಿ ಸಿದ್ಧವಾಯಿತು. ಸಾಮಾನುಗಳು ಇಟ್ಟ ಜಾಗದಲ್ಲಿಯೇ ಇರಬೇಕು. ಬಕೆಟ್ ಜಾಗ ಬದಲಾಯಿಸಿದರೆ ಅವಳ ಕೆಲಸಕ್ಕೆ ಅಡ್ಡಿ ಮಾಡಿದಂತೆ.

ನಮ್ಮ ಬೆಳೆಗಳಲ್ಲಿ ಸಿಗುವ ಕಸುಬುಗಳು

ಕುಳಿತು ಮಾಡುವ ಕೆಲಸಗಳು: ಶೇಂಗಾ ಬೀಜದ ಆಯ್ಕೆ ನಮ್ಮ ಜಿಲ್ಲೆಗೆ ಹೇಳಿಸಿದ ಕೆಲಸ. ಯಂತ್ರದಲ್ಲಿ ಸುಲಿದಾಗ ಸಿಪ್ಪೆ ಕಿತ್ತ ಬೀಜ, ಒಡೆದ ಬೀಜ, ಸುಕ್ಕಿದ ಬೀಜ ಬೆರೆಯುತ್ತವೆ. ಬಿತ್ತನೆಗೆ ಇಡುವ ಕಾಯಿಯನ್ನು ಕೈಯಿಂದ ಸುಲಿದು ಬೀಜವನ್ನು ಆರಿಸಿ ಕೊಡುವವರಿಗೆ ಬಿತ್ತನೆ ಕಾಲದಲ್ಲಿ ಕೈತುಂಬ ಕೆಲಸ. ಹುಣಿಸೆ ಬೀಜ ಬಿಡಿಸುವುದು, ಹೊಳಲ್ಕೆರೆ ಕಡೆ ಅಡಿಕೆ ಸುಲಿಯುವುದು, ಹೊಸದುರ್ಗದ ಕಡೆ ತೆಂಗಿನ ನಾರಿನ ಹಗ್ಗ ಹೊಸೆಯುವುದು, ಚಳ್ಳಕೆರೆ ಕಡೆ ಕಂಬಳಿಗೆ ಉಣ್ಣೆ ನೂಲುವುದು ಇವೂ ಕುಳಿತು ಮಾಡುವ ಕಸುಬುಗಳೇ.

ಸಸಿಮನೆ: ಹೆಚ್ಚು ವರಮಾನ ಬರುವುದು ಇದರಲ್ಲಿ. ಹಿರಿಯೂರು, ಹೊಸದುರ್ಗ ತಾಲ್ಲೂಕುಗಳ ದಾಳಿಂಬೆ ತೋಟಗಳಿಗೆ ಗೂಟಿ ಸಸಿ ಬೇಕು. ಪೆನ್ಸಿಲ್ ಗಾತ್ರದ ಕೊಂಬೆಯಲ್ಲಿ ಸುಮಾರು 2.5 ಸೆಂಟಿಮೀಟರ್ ಅಗಲದ ತೊಗಟೆಯನ್ನು ಉಂಗುರದಂತೆ ತೆಗೆದು, ಬೇರು ಬರಿಸುವ ಚೋದಕ ಹಚ್ಚಿ, ಒದ್ದೆ ಪಾಚಿ ಸುತ್ತಿ ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಬೇಕು. ಇದಕ್ಕೆ ಬೇಕಾದುದು ಕೈಯ ಕುಶಲತೆ. ತಾಯಿ ಮರ ರೋಗವಿಲ್ಲದ್ದಾಗಿರಬೇಕು, ದುಂಡಾಣು ಅಂಗಮಾರಿ ಇರುವ ತೋಟದಿಂದ ಗೂಟಿ ತೆಗೆಯಲೇಬಾರದು. ಕಿವಿ ಕೇಳದ ಯುವಕರು ಇಂತಹ ಕೆಲಸದಲ್ಲಿ ಬೇಗ ನುರಿಯುತ್ತಾರೆ, ಏಕೆಂದರೆ ಇದನ್ನು ಮಾತಿಲ್ಲದೆ ಕೈಯಿಂದಲೇ ಮಾಡಿ ತೋರಿಸಬಹುದು.

ಎರೆಗೊಬ್ಬರ: ಕಣ್ಣು ಕಾಣದವರಿಗೆ ಇದು ಒಳ್ಳೆಯ ಕಸುಬು. ತೇವ ಸರಿಯಾಗಿದೆಯೇ ಎಂಬುದನ್ನು ಕೈ ಹೇಳುತ್ತದೆ. ಒಂದು ಹಿಡಿ ತೆಗೆದು ಹಿಂಡಿದಾಗ ಉಂಡೆ ನಿಲ್ಲಬೇಕು, ನೀರು ಸೋರಬಾರದು. ಗೊಬ್ಬರ ಹಣ್ಣಾಗಿದೆಯೇ ಎಂಬುದನ್ನು ಮೂಗು ಹೇಳುತ್ತದೆ, ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು, ಸಗಣಿ ವಾಸನೆ ಉಳಿದಿದ್ದರೆ ಇನ್ನೂ ಕಾಯಬೇಕು.

ಬುದ್ಧಿ ನಿಧಾನವಾಗಿ ಬೆಳೆದವರಿಗೆ ಕಲಿಸುವಾಗ ಒಂದು ಸಲಕ್ಕೆ ಒಂದೇ ಹೆಜ್ಜೆ ಕಲಿಸಬೇಕು. ಪಾಲಿಥೀನ್ ಚೀಲಕ್ಕೆ ಮಣ್ಣು ತುಂಬುವುದನ್ನು ಹದಿನೈದು ದಿನ ಮಾಡಲಿ. ಅದು ಕೈಗೆ ಹತ್ತಿದ ಮೇಲೆ ಚೀಲ ಸಾಲಾಗಿ ಜೋಡಿಸುವುದು, ಆಮೇಲೆ ನೀರು ಹಾಕುವುದು. ಎಷ್ಟು ತುಂಬಬೇಕೆಂಬುದಕ್ಕೆ ಚೀಲದ ಮೇಲೆ ಗೆರೆ ಎಳೆದು ಕೊಡಬೇಕು. ಅವರನ್ನು ಗದರಿಸಿದರೆ ಕಲಿತದ್ದೂ ಮರೆಯುತ್ತದೆ. ಒಮ್ಮೆ ಕಲಿತ ಕೆಲಸವನ್ನು ಅವರು ಬೇಸರವಿಲ್ಲದೆ ಅಚ್ಚುಕಟ್ಟಾಗಿ ಮಾಡುತ್ತಾರೆ.

ಮಾನಸಿಕ ಕಾಯಿಲೆಯವರ ಬಗ್ಗೆ ಹಳ್ಳಿಗಳಲ್ಲಿ ತಪ್ಪು ತಿಳಿವಳಿಕೆ ಬಹಳ. ಇದು ಔಷಧಿಯಿಂದ ಹತೋಟಿಗೆ ಬರುವ ಕಾಯಿಲೆ. ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕವೇ ಇದಕ್ಕೆ ಚಿಕಿತ್ಸೆ ಕೊಡಬಹುದೆಂದು ತೋರಿಸಿತು. ಅದೇ ಮುಂದೆ ಇಡೀ ದೇಶಕ್ಕೆ ಮಾದರಿಯಾಯಿತು. ಮಾತ್ರೆ ತಪ್ಪಿಸದೆ ಕೊಡಬೇಕು, ಕೆಲಸವನ್ನು ದಿನಕ್ಕೆ ಎರಡು ಗಂಟೆಯಿಂದ ಆರಂಭಿಸಿ ನಿಧಾನವಾಗಿ ಹೆಚ್ಚಿಸಬೇಕು. ಮನೆಯ ಕೀಟನಾಶಕವನ್ನು ಬೀಗದೊಳಗೆ ಇಡಬೇಕು. ಮೂರ್ಛೆ ರೋಗ ಇರುವವರನ್ನು ಬಾವಿಕಟ್ಟೆ, ಮರ, ಯಂತ್ರ, ಬೆಂಕಿ ಇವುಗಳ ಬಳಿ ಒಂಟಿಯಾಗಿ ಬಿಡಬಾರದು. ಕುಷ್ಠದಿಂದ ಗುಣಹೊಂದಿ ಕೈಕಾಲಿನ ಸ್ಪರ್ಶ ಕಳೆದುಕೊಂಡವರು ಸಲಕರಣೆಯ ಹಿಡಿಗೆ ದಪ್ಪ ಬಟ್ಟೆ ಸುತ್ತಿಕೊಂಡು, ಪಾದರಕ್ಷೆ ತೊಟ್ಟು ದುಡಿಯಬೇಕು, ಸಂಜೆ ಕೈಕಾಲುಗಳಲ್ಲಿ ಗಾಯ ಆಗಿದೆಯೇ ಎಂದು ಕಣ್ಣಿನಿಂದ ನೋಡಿಕೊಳ್ಳಬೇಕು.

ಸಲಕರಣೆ ಮತ್ತು ಜಾಗ

ಬೆಳೆಗೆ ತಕ್ಕಂತೆ ಮಡಿ ಮಾಡುವ ನಾವು, ಮನುಷ್ಯನಿಗೆ ತಕ್ಕಂತೆ ಮಡಿಯನ್ನು ಏಕೆ ಮಾಡಬಾರದು? ಸಸಿಮನೆಯ ಮಡಿಯನ್ನು ಕಲ್ಲು ಚಪ್ಪಡಿಯ ಮೇಲೆ ಎರಡೂವರೆ ಅಡಿ ಎತ್ತರಿಸಿದರೆ ಗಾಲಿಕುರ್ಚಿಯಲ್ಲಿ ಕುಳಿತವರಿಗೂ ಬೆನ್ನು ಬಗ್ಗಿಸಲಾರದವರಿಗೂ ಕೈಗೆಟುಕುತ್ತದೆ. ನಮ್ಮ ಜಿಲ್ಲೆಯಲ್ಲಿ ಚಪ್ಪಡಿಗೆ ಬರವಿಲ್ಲ. ನಡುವಿನ ದಾರಿ ಮೂರು ಅಡಿಗಿಂತ ಕಡಿಮೆ ಇರಬಾರದು, ನೆಲ ಗಟ್ಟಿಯಾಗಿರಬೇಕು. ಹನಿ ನೀರಾವರಿಯ ಗೇಟ್ ವಾಲ್ವುಗಳನ್ನು ಗುಂಡಿಯೊಳಗೆ ಹೂಳದೆ ಸೊಂಟದ ಎತ್ತರಕ್ಕೆ ತಂದರೆ ಒಂದು ಎಕರೆ ತೋಟಕ್ಕೆ ನೀರು ಬಿಡುವ ಕೆಲಸವನ್ನು ಕೋಲೂರಿ ನಡೆಯುವವರೂ ಮಾಡಬಲ್ಲರು. ಕಿವಿ ಕೇಳದವರು ಕೆಲಸ ಮಾಡುವ ಕಡೆ ಪಂಪು, ಯಂತ್ರಗಳಿಗೆ ದೀಪದ ಸಂಕೇತ ಜೋಡಿಸಬೇಕು.

ಕಾಲು ಕಳೆದುಕೊಂಡವರಿಗೆ ಜೈಪುರ ಕಾಲು ವರದಾನ. 1968ರ ಸುಮಾರಿಗೆ ಜೈಪುರದ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಡಾಕ್ಟರ್ ಪಿ.ಕೆ. ಸೇಠಿ ಸೇರಿ ರಬ್ಬರಿನಿಂದ ಇದನ್ನು ರೂಪಿಸಿದರು. ಬರಿಗಾಲಿನಲ್ಲಿ ನಡೆಯುವ, ಕೆಸರಿನಲ್ಲಿ ಇಳಿಯುವ, ನೆಲದ ಮೇಲೆ ಕುಕ್ಕುರುಗಾಲಿನಲ್ಲಿ ಕೂರುವ ನಮ್ಮ ಜನರಿಗೆ ಒಗ್ಗುವಂತೆ ಮಾಡಿದ ಕಾಲು ಇದು. ಕೇಂದ್ರ ಸರ್ಕಾರದ ಅಲಿಂಕೋ ಸಂಸ್ಥೆಯು ಮೂರು ಗಾಲಿಯ ಸೈಕಲ್, ಗಾಲಿಕುರ್ಚಿ, ಶ್ರವಣಯಂತ್ರ, ಕೃತಕ ಅಂಗಗಳನ್ನು ತಯಾರಿಸುತ್ತದೆ, ಇವು ಅರ್ಹರಿಗೆ ಶಿಬಿರಗಳಲ್ಲಿ ದೊರೆಯುತ್ತವೆ. ಅಂಧರಿಗೆ ಮೊಬೈಲ್ ಫೋನೇ ಈಗ ದೊಡ್ಡ ಸಲಕರಣೆ. ಪರದೆಯ ಮೇಲಿನ ಬರಹವನ್ನು ಕನ್ನಡದಲ್ಲಿ ಓದಿ ಹೇಳುವ ವ್ಯವಸ್ಥೆ ಸಾಧಾರಣ ಫೋನುಗಳಲ್ಲಿಯೂ ಇದೆ. ಮಾರುಕಟ್ಟೆ ಧಾರಣೆ, ಬ್ಯಾಂಕಿನ ಲೆಕ್ಕ ಎಲ್ಲವನ್ನೂ ಅವರೇ ಕೇಳಿಕೊಳ್ಳಬಹುದು.

ತರಬೇತಿ ಎಲ್ಲಿ ದೊರೆಯುತ್ತದೆ

ಕೃಷಿಗೆ ಸಂಬಂಧಿಸಿದ ತರಬೇತಿಗೆ ಹಿರಿಯೂರಿನ ಬಬ್ಬೂರು ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ವಿಚಾರಿಸಬೇಕು. ಹೆಸರು ಕೊಡುವಾಗಲೇ, 'ನಮ್ಮ ಹುಡುಗ ಗಾಲಿಕುರ್ಚಿಯಲ್ಲಿ ಬರುತ್ತಾನೆ' ಎಂದೋ 'ನಮ್ಮ ಹುಡುಗಿಗೆ ಕಿವಿ ಕೇಳುವುದಿಲ್ಲ' ಎಂದೋ ತಿಳಿಸಿದರೆ ಏರ್ಪಾಡು ಮಾಡಲು ಅನುಕೂಲ.

ಸ್ವಂತ ಉದ್ಯೋಗದ ತರಬೇತಿಗೆ ಚಿತ್ರದುರ್ಗದಲ್ಲಿಯೇ ರುಡ್‌ಸೆಟ್ ಸಂಸ್ಥೆ ಇದೆ. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳು ಸೇರಿ 1982ರಲ್ಲಿ ಉಜಿರೆಯಲ್ಲಿ ಆರಂಭಿಸಿದ ಪ್ರಯೋಗದ ಶಾಖೆ ಇದು. ಊಟ ವಸತಿಯೊಡನೆ ಉಚಿತವಾಗಿ ಕಸುಬು ಕಲಿಸುವುದು ಇಲ್ಲಿಯ ಪದ್ಧತಿ. ತರಬೇತಿ ಮುಗಿದ ಮೇಲೆ ಬ್ಯಾಂಕ್ ಸಾಲಕ್ಕೆ ದಾರಿ ತೋರುವುದೂ ಇದರ ಕೆಲಸ. ಬೆಂಗಳೂರಿನಲ್ಲಿ ಕೇಂದ್ರ ಕಾರ್ಮಿಕ ಇಲಾಖೆಯ ಅಂಗವಿಕಲರ ವೃತ್ತಿ ಸೇವಾ ಕೇಂದ್ರವಿದೆ. ಅಲ್ಲಿ ವ್ಯಕ್ತಿಯ ಶಕ್ತಿಯನ್ನು ಪರೀಕ್ಷಿಸಿ ಯಾವ ಕಸುಬು ಒಗ್ಗುತ್ತದೆಂದು ಹೇಳುತ್ತಾರೆ. ಕಿವಿ, ಮಾತಿನ ತೊಂದರೆಗೆ 1965ರಿಂದ ಕೆಲಸ ಮಾಡುತ್ತಿರುವ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ. ಮಗುವಿಗೆ ಕಿವಿ ಕೇಳುವುದಿಲ್ಲವೆಂಬ ಸಂಶಯ ಬಂದೊಡನೆ, ಒಂದೆರಡು ವರ್ಷದೊಳಗೇ ತೋರಿಸಿದರೆ ಮಾತು ಕಲಿಸುವುದು ಸುಲಭ.

ಹತ್ತಿರದ ಊರುಗಳಿಗೆ ಹೋಗಿಬರುವ ಖರ್ಚಿನ ಚಿಂತೆ ಬೇಡ. ಅಂಗವಿಕಲರಿಗೆ ರಾಜ್ಯ ಸಾರಿಗೆ ಬಸ್ಸಿನಲ್ಲಿ ವಾಸಸ್ಥಳದಿಂದ 100 ಕಿಲೋಮೀಟರ್ ವ್ಯಾಪ್ತಿಯ ರಿಯಾಯಿತಿ ಪಾಸು ದೊರೆಯುತ್ತದೆ. ಸಿರಿಗೆರೆಯಿಂದ ಚಿತ್ರದುರ್ಗ, ದಾವಣಗೆರೆ, ಹಿರಿಯೂರು ಮೂರೂ ಆ ವ್ಯಾಪ್ತಿಯಲ್ಲಿಯೇ ಬರುತ್ತವೆ.

ಕಾಯಿದೆ ಏನು ಹೇಳುತ್ತದೆ

1995ರ ಕಾಯಿದೆ ಏಳು ಬಗೆಯ ಊನಗಳನ್ನು ಮಾತ್ರ ಗುರುತಿಸಿತ್ತು. 2016ರಲ್ಲಿ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ ಬಂದು 2017ರ ಏಪ್ರಿಲಿನಿಂದ ಜಾರಿಯಾಯಿತು. ಇದರಲ್ಲಿ 21 ಬಗೆಗಳಿವೆ. ಕುಳ್ಳತನ, ಮಾನಸಿಕ ಕಾಯಿಲೆ, ಆಟಿಸಂ, ಕಲಿಕೆಯ ತೊಂದರೆ, ಪಾರ್ಕಿನ್ಸನ್ ಕಾಯಿಲೆ, ಆಸಿಡ್ ದಾಳಿಗೆ ಸಿಕ್ಕವರು ಇವೆಲ್ಲ ಸೇರಿವೆ. ಶೇಕಡಾ 40 ಅಥವಾ ಹೆಚ್ಚು ಊನ ಇದ್ದವರಿಗೆ ಈ ಸೌಲಭ್ಯಗಳು:

ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇಕಡಾ 4 ಮೀಸಲು.
ಸರ್ಕಾರದ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 5 ಸ್ಥಾನ, ವಯೋಮಿತಿಯಲ್ಲಿ 5 ವರ್ಷ ಸಡಿಲಿಕೆ. ಕೃಷಿ ಪದವಿಗೂ ಇದು ಅನ್ವಯ.
ಕೃಷಿ ಭೂಮಿ ಮತ್ತು ವಸತಿ ಹಂಚಿಕೆಯ ಯೋಜನೆಗಳಲ್ಲಿ ಶೇಕಡಾ 5, ಬಡತನ ನಿವಾರಣೆ ಮತ್ತು ಅಭಿವೃದ್ಧಿ ಯೋಜನೆಗಳಲ್ಲಿ ಶೇಕಡಾ 5. ಎರಡರಲ್ಲಿಯೂ ಊನವುಳ್ಳ ಮಹಿಳೆಯರಿಗೆ ಆದ್ಯತೆ.
6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ.

ಇವೆಲ್ಲಕ್ಕೂ ಬೀಗದ ಕೈ ಎಂದರೆ ಯು.ಡಿ.ಐ.ಡಿ. ಗುರುತಿನ ಚೀಟಿ. ಭಾವಚಿತ್ರ ಮತ್ತು ಆಧಾರ್ ಚೀಟಿಯೊಡನೆ ಅರ್ಜಿ ಹಾಕಿದರೆ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ ಚೀಟಿ ಕೊಡುತ್ತಾರೆ. ಇದಕ್ಕೆ ನೆರವಾಗಲು ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಇವರೂ ಸಾಮಾನ್ಯವಾಗಿ ಊನವುಳ್ಳವರೇ ಆದುದರಿಂದ ಕಷ್ಟವನ್ನು ಬಲ್ಲರು. ನಿಮ್ಮ ಪಂಚಾಯಿತಿಯ ಕಾರ್ಯಕರ್ತರು ಯಾರೆಂದು ಈ ವಾರವೇ ತಿಳಿದುಕೊಳ್ಳಿ. ಪಂಚಾಯಿತಿಯ ಸ್ವಂತ ವರಮಾನದಲ್ಲಿ ಶೇಕಡಾ 5 ಭಾಗ ಊನವುಳ್ಳವರಿಗಾಗಿ ಮೀಸಲಿರಬೇಕು, ಅದು ಹೇಗೆ ಖರ್ಚಾಯಿತೆಂದು ಗ್ರಾಮಸಭೆಯಲ್ಲಿ ಕೇಳುವ ಹಕ್ಕು ನಿಮಗಿದೆ.

ಬಂಡವಾಳಕ್ಕೆ ರಾಜ್ಯದ ಆಧಾರ ಯೋಜನೆಯಲ್ಲಿ ಸಾಲ ಮತ್ತು ಸಹಾಯಧನದ ಏರ್ಪಾಡಿದೆ. 1997ರಲ್ಲಿ ಸ್ಥಾಪನೆಯಾದ ಅಂಗವಿಕಲರ ರಾಷ್ಟ್ರೀಯ ಹಣಕಾಸು ನಿಗಮದಿಂದಲೂ ಕಡಿಮೆ ಬಡ್ಡಿಯ ಸಾಲ ದೊರೆಯುತ್ತದೆ. ವಿವರವನ್ನು ಚಿತ್ರದುರ್ಗದ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿ ಕೇಳಬೇಕು. 2005ರ ಉದ್ಯೋಗ ಖಾತರಿ ಕಾಯಿದೆಯ ಕಾಲದಲ್ಲಿ ನಮ್ಮ ರಾಜ್ಯದಲ್ಲಿ ಅಂಗವಿಕಲರಿಗೆ ಅರ್ಧ ಪ್ರಮಾಣದ ಕೆಲಸಕ್ಕೆ ಪೂರ್ಣ ಕೂಲಿ ಕೊಡುವ ಕ್ರಮ ಬಂದಿತು. ಸರ್ಕಾರದ ಕಾಮಗಾರಿ ಯಾವ ಹೆಸರಿನಲ್ಲಿ ನಡೆದರೂ ಈ ರಿಯಾಯಿತಿಯನ್ನು ಕೇಳಿ ಪಡೆಯಬೇಕು.

ಕೂಲಿ ಮತ್ತು ಪಾಲು

ಈಗ ಸ್ವಲ್ಪ ಕಹಿಯಾದ ಮಾತು. ಅನೇಕ ಮನೆಗಳಲ್ಲಿ ಊನವುಳ್ಳ ಮಗ ಅಥವಾ ಮಗಳು ಸುಮ್ಮನೆ ಕುಳಿತಿರುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಶೇಂಗಾ ಸುಲಿಯುತ್ತಾರೆ, ಕರು ಕಾಯುತ್ತಾರೆ, ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಆದರೆ ಯಾರಾದರೂ ಕೇಳಿದರೆ, 'ಪಾಪ, ಅವನು ಮನೆಯಲ್ಲೇ ಇರುತ್ತಾನೆ' ಎನ್ನುತ್ತೇವೆ. ಅವನ ದುಡಿಮೆಗೆ ಲೆಕ್ಕವಿಲ್ಲ, ಮಾಸಾಶನದ ಹಣ ಮನೆಯ ಖರ್ಚಿಗೆ ಹೋಗುತ್ತದೆ. ತಂದೆತಾಯಿ ತೀರಿಕೊಂಡ ಮೇಲೆ, 'ಅವನಿಗೇಕೆ ಪಾಲು, ನಾವೇ ನೋಡಿಕೊಳ್ಳುತ್ತೇವೆ' ಎಂದು ಅಣ್ಣತಮ್ಮಂದಿರು ಖಾತೆ ಮಾಡಿಸಿಕೊಳ್ಳುತ್ತಾರೆ. ನೋಡಿಕೊಳ್ಳುವವರ ಮನಸ್ಸು ಬದಲಾದ ದಿನ ಅವನು ಬೀದಿಗೆ ಬರುತ್ತಾನೆ.

ಹಳೆಯ ಧರ್ಮಶಾಸ್ತ್ರದ ಕಾಲದಲ್ಲಿ ಅಂಧನಿಗೂ ಕಿವುಡನಿಗೂ ಪಾಲಿಲ್ಲವೆಂಬ ಕಟ್ಟಳೆ ಇತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 28ನೆಯ ಕಲಮು ರೋಗ ಅಥವಾ ಊನದ ಕಾರಣದಿಂದ ಯಾರಿಗೂ ಆಸ್ತಿ ತಪ್ಪಬಾರದೆಂದು ಸ್ಪಷ್ಟವಾಗಿ ಹೇಳಿದೆ. 2016ರ ಕಾಯಿದೆಯೂ ಆಸ್ತಿ ಹೊಂದುವ, ಉತ್ತರಾಧಿಕಾರದಿಂದ ಪಡೆಯುವ, ಬ್ಯಾಂಕ್ ಸಾಲ ಪಡೆಯುವ ಸಮಾನ ಹಕ್ಕನ್ನು ಕೊಟ್ಟಿದೆ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕರ್ನಾಟಕದಲ್ಲಿ 1994ರಲ್ಲಿ, ಇಡೀ ದೇಶದಲ್ಲಿ 2005ರಲ್ಲಿ ಕಾನೂನಾಯಿತು. ಊನವುಳ್ಳ ಹೆಣ್ಣುಮಗಳು ಈ ಎರಡೂ ಕಾರಣಗಳಿಂದ ಪಾಲಿಗೆ ಹಕ್ಕುಳ್ಳವಳು. ಬುದ್ಧಿಮಾಂದ್ಯತೆ, ಆಟಿಸಂ, ಮೆದುಳಿನ ಪಾರ್ಶ್ವವಾಯು ಇರುವವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಡಿ ಜಿಲ್ಲಾ ಮಟ್ಟದ ಸಮಿತಿ ಪೋಷಕರನ್ನು ನೇಮಿಸುತ್ತದೆ, ತಂದೆತಾಯಿ ಬದುಕಿರುವಾಗಲೇ ಈ ವ್ಯವಸ್ಥೆ ಮಾಡಿಡುವುದು ಲೇಸು.

ಈ ಸಿರಿಗೆರೆಯಲ್ಲಿ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ತರಳಬಾಳು ಬೃಹನ್ಮಠದ ಸದ್ಧರ್ಮ ನ್ಯಾಯಪೀಠದ ಮುಂದೆ ಸೋಮವಾರಗಳಂದು ದೂರದೂರದ ರೈತರು ಜಮೀನಿನ, ಪಾಲಿನ, ಸಂಸಾರದ ವ್ಯಾಜ್ಯಗಳನ್ನು ಹೊತ್ತು ಬರುವುದನ್ನು ನೀವು ನೋಡಿಯೇ ಇದ್ದೀರಿ. ಪಾಲಿನ ಜಗಳದ ಬೇರು ಎಲ್ಲಿರುತ್ತದೆಂದು ಈ ಊರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಶರಣರ ಕಾಲದಿಂದ ಕಾಯಕವನ್ನು ದೊಡ್ಡದೆಂದು ಎಣಿಸುತ್ತ ಬಂದ ಸೀಮೆ ನಮ್ಮದು. ದಾಸೋಹದ ಪಂಕ್ತಿಯಲ್ಲಿ ಅಂಗವಿಕಲನಿಗೆ ಎಲೆ ಹಾಕುವುದು ಒಳ್ಳೆಯದು. ದಾಸೋಹಕ್ಕೆ ತನ್ನ ದುಡಿಮೆಯ ಅಕ್ಕಿಯನ್ನು ತಂದುಕೊಡುವ ಶಕ್ತಿ ಅವನಿಗೆ ಬರುವಂತೆ ಮಾಡುವುದು ಅದಕ್ಕಿಂತಲೂ ಒಳ್ಳೆಯದು.

ಕೊನೆಯ ಮಾತು

ಇಷ್ಟು ಹೇಳಿದ ಮೇಲೆ ನೀವು ಮಾಡಬೇಕಾದ ಕೆಲಸಗಳನ್ನು ಒಟ್ಟುಗೂಡಿಸಿ ಹೇಳುತ್ತೇನೆ.

1. ಗುರುತಿನ ಚೀಟಿ ಇಲ್ಲದಿದ್ದರೆ ಈ ತಿಂಗಳೇ ಅರ್ಜಿ ಹಾಕಿಸಿ.
2. ಮನೆಯ ಒಂದು ಕಸುಬನ್ನು ಆರಿಸಿ, ಹತ್ತು ಹೆಜ್ಜೆಯಾಗಿ ಬಿಡಿಸಿ ಬರೆಯಿರಿ. ಬರೆಯುವಾಗ ಆ ವ್ಯಕ್ತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಯಾವುದು ಆಗುತ್ತದೆ, ಯಾವುದು ಇಷ್ಟ ಎಂದು ಅವರನ್ನೇ ಕೇಳಿ.
3. ಆಗದ ಹೆಜ್ಜೆಗೆ ಸಲಕರಣೆ ಅಥವಾ ನೆರವು ಯಾವುದೆಂದು ಯೋಚಿಸಿ.
4. ತರಬೇತಿಗೆ ಕಳುಹಿಸಿ. ಹೆಣ್ಣುಮಗಳಾದರೆ ತಾಯಿ ಅಥವಾ ಅಕ್ಕ ಜೊತೆಗೆ ಹೋಗಲಿ, ಕಳುಹಿಸದೆ ಇರಬೇಡಿ.
5. ಹಾಲಿನ ಸಂಘದ ಸದಸ್ಯತ್ವ, ಸ್ವಸಹಾಯ ಸಂಘದ ಪುಸ್ತಕ, ಬ್ಯಾಂಕಿನ ಖಾತೆ ಅವರ ಹೆಸರಿನಲ್ಲಿಯೇ ಇರಲಿ.
6. ಪಹಣಿಯಲ್ಲಿ ಅವರ ಪಾಲು ನಮೂದಾಗಲಿ.

ಮೊದಲ ವರ್ಷ ಲಾಭ ಕಡಿಮೆ ಇರಬಹುದು, ಕೆಲಸ ನಿಧಾನವಾಗಬಹುದು. ಹೊಸ ತಳಿಯನ್ನು ಒಂದೇ ಮಳೆಗಾಲದಲ್ಲಿ ಅಳೆದು ಬಿಟ್ಟುಬಿಡಬೇಡಿರೆಂದು ನಾವು ವಿಸ್ತರಣಾ ಕೆಲಸದವರು ಯಾವಾಗಲೂ ಹೇಳುತ್ತೇವೆ. ಅದೇ ತಾಳ್ಮೆಯನ್ನು ಮನೆಯ ಮಗನಿಗೂ ಮಗಳಿಗೂ ತೋರಿಸಬೇಕೆಂದು ಕೇಳಿಕೊಂಡು ನನ್ನ ಮಾತನ್ನು ಮುಗಿಸುತ್ತೇನೆ.